ಸ್ಪ್ರಿಂಟ್ ಟ್ರಯಥ್ಲಾನ್ ಮುಗಿಸಿದೆ: ಪೂಲ್‌ನಲ್ಲಿ ಈಜು ಬಂದರೆ ಸಾಕಾ?

ನಿಧಾನಸ್ಥ

ತೊಣ್ಣೂರು ಕೆರೆಯಲ್ಲಿ ಸ್ಪ್ರಿಂಟ್ ಟ್ರಯಥ್ಲಾನ್ ಮುಗಿಸಿ ಬಂದೆ. 750 ಮೀಟರ್ ಈಜು, 20 ಕಿ.ಮೀ. ಸೈಕಲ್, 5 ಕಿ.ಮೀ. ಓಟ. ವಯಸ್ಸು 43, ಕೆಲಸ ಕುರ್ಚಿಯದ್ದು, ಹೊಟ್ಟೆ ಇನ್ನೂ ಪೂರ್ತಿ ಕರಗಿಲ್ಲ. ಒಟ್ಟು 1 ಗಂಟೆ 47 ನಿಮಿಷ. ಈಜು 22, ಸೈಕಲ್ 46, ಓಟ 33, ಉಳಿದದ್ದು ಬಟ್ಟೆ-ಶೂ ಗಲಾಟೆಯಲ್ಲಿ ಹೋಯಿತು. ಪದಕದ ಆಸೆ ಇರಲಿಲ್ಲ. 'ಮಾಡಬೇಕು, ಆದರೆ ಭಯ' ಅಂತ ಇಲ್ಲಿ ಆಗಾಗ ಬರೆಯುವವರಿಗಾಗಿ ಇದನ್ನು ಹಾಕುತ್ತಿದ್ದೇನೆ.

ಪಾಂಡವಪುರದ ಹತ್ತಿರದ ಕೆರೆತೊಣ್ಣೂರು ನೋಡಿದವರಿಗೆ ಗೊತ್ತು. ಸುತ್ತ ಬಂಡೆಗುಡ್ಡ, ನಡುವೆ ತಿಳಿ ನೀರು. ದಡದಲ್ಲಿ ನಿಂತರೆ ಕಾಲ ಬೆರಳು ಕಾಣುತ್ತದೆ. ಹತ್ತು ಹೆಜ್ಜೆ ಆಚೆ ಹೋದರೆ ಬರಿ ಹಸಿರು, ಕೆಳಗೆ ಏನೂ ಇಲ್ಲ. ಪೂಲ್‌ನಲ್ಲಿ ತಳಕ್ಕೆ ಒಂದು ಕಪ್ಪು ಗೆರೆ ಇರುತ್ತದಲ್ಲ, ಅದನ್ನು ನಾವು ಎಷ್ಟು ನಂಬಿಕೊಂಡಿರುತ್ತೇವೆ ಅಂತ ಅದು ಇಲ್ಲದೇ ಇರುವಾಗಲೇ ಗೊತ್ತಾಗೋದು. ಗೋಡೆಯೂ ಇಲ್ಲ. ಪ್ರತಿ 25 ಮೀಟರ್‌ಗೆ ಒಂದು ಸಲ ಕೈ ಹಿಡಿದು, ಒಂದು ಕ್ಷಣ ಉಸಿರು ಎಳೆದುಕೊಂಡು, ಕಾಲಲ್ಲಿ ಒದ್ದು ಮುಂದೆ ಹೋಗುವ ಸುಖ ಅಲ್ಲಿ ಸಿಗಲ್ಲ.

ಶಿಳ್ಳೆ ಹೊಡೆದರು. ನಮ್ಮ ಗುಂಪಿನವರದ್ದೆಲ್ಲ ಹಳದಿ ಟೋಪಿ. ಮೊದಲ ನೂರು ಮೀಟರ್ ಈಜಲ್ಲ, ನೂಕುನುಗ್ಗಲು. ಯಾರದ್ದೋ ಹಿಮ್ಮಡಿ ನನ್ನ ಗಾಗಲ್ಸ್‌ಗೆ ಬಿತ್ತು. ನನ್ನ ಕೈ ಇನ್ನೊಬ್ಬರ ಬೆನ್ನಿಗೆ. ಎದೆ ಢವಢವ. ಉಸಿರು ಎಳೆದಷ್ಟೂ ಸಾಲದು. ಪೂಲ್‌ನಲ್ಲಿ ಒಂದೂವರೆ ಕಿಲೋಮೀಟರ್ ನಿಲ್ಲದೆ ಈಜುತ್ತಿದ್ದ ಮನುಷ್ಯ ನಾನು. ಇಲ್ಲಿ ಮೊದಲ ಬಾಯ್ (ಆ ಕಿತ್ತಳೆ ಬಣ್ಣದ ಗಾಳಿ ಬುಗ್ಗೆ) ಮುಟ್ಟುವುದರೊಳಗೆ ದಡ ಎಲ್ಲಿದೆ ಅಂತ ಹುಡುಕಲು ಶುರು ಮಾಡಿದ್ದೆ.

ಬೆನ್ನ ಮೇಲೆ ತಿರುಗಿ ಮಲಗಿದೆ. ಆಕಾಶ ನೋಡುತ್ತ, ಬಾಯಿಂದ ನಿಧಾನಕ್ಕೆ ಉಸಿರು ಬಿಟ್ಟೆ. ಪಕ್ಕದಲ್ಲಿ ಕಯಾಕ್ ಹುಡುಗ 'ಹಿಡ್ಕೊಳಿ ಸಾರ್, ತೊಂದ್ರೆ ಇಲ್ಲ' ಅಂದ. ಬೇಡ ಅಂದೆ. ಅವನು ಅಲ್ಲಿದ್ದಾನೆ ಅನ್ನೋದೇ ಸಾಕಾಯಿತು. ಸ್ವಲ್ಪ ದೂರ ಬ್ರೆಸ್ಟ್‌ಸ್ಟ್ರೋಕ್ ಮಾಡಿದೆ, ಆಮೇಲೆ ಫ್ರೀಸ್ಟೈಲ್. ಎರಡನೇ ಬಾಯ್ ಆದ ಮೇಲೆ ನಿಜ ಹೇಳಬೇಕೆಂದರೆ ಮಜಾ ಬಂತು.

ಸೈಕಲ್ಲು, ಓಟ ಹೇಗೋ ಆಗುತ್ತದೆ. ಸುಸ್ತಾದರೆ ನಿಲ್ಲಬಹುದು, ನಡೆಯಬಹುದು. ಹೊಸಬರ ರೇಸ್ ನಿರ್ಧಾರ ಆಗೋದು ಆ ಮೊದಲ ಐದು ನಿಮಿಷದಲ್ಲಿ. ನನಗೆ ಇಷ್ಟೇ ಹೇಳಬೇಕಿತ್ತು. ಪ್ರಶ್ನೆ ಇದ್ದರೆ ಕೇಳಿ.

ಸಂಜೆ ಓಟ

ಅಭಿನಂದನೆ ಸಾರ್! ಒಂದು ಪೆದ್ದು ಪ್ರಶ್ನೆ. ಬ್ರೆಸ್ಟ್‌ಸ್ಟ್ರೋಕ್ ಮಾಡಿದರೆ ಡಿಸ್‌ಕ್ವಾಲಿಫೈ ಮಾಡಲ್ವಾ?

ಶಿಳ್ಳೆ ಮಾಸ್ಟರ್

ಮಾಡಲ್ಲ. ನಾನು ಕೆಲವು ರೇಸ್‌ಗಳಲ್ಲಿ ಅಫಿಷಿಯಲ್ ಆಗಿ ನಿಲ್ಲುತ್ತೇನೆ, ಅದಕ್ಕೇ ಹೇಳುತ್ತಿದ್ದೇನೆ. ಯಾವ ಶೈಲಿಯಲ್ಲಾದರೂ ಈಜಬಹುದು. ನಿಂತಲ್ಲೇ ತೇಲಬಹುದು. ಕಯಾಕ್ ಹಿಡಿದು ಸುಧಾರಿಸಿಕೊಳ್ಳಬಹುದು. ಹಿಡಿದುಕೊಂಡು ಮುಂದಕ್ಕೆ ಎಳೆಸಿಕೊಳ್ಳುವ ಹಾಗಿಲ್ಲ, ಅಷ್ಟೇ. ಸಹಾಯ ಬೇಕಾದರೆ ಒಂದು ಕೈ ಎತ್ತಿ ಆಡಿಸಿ. ಎಷ್ಟೋ ಜನ ಮಾನ ಹೋಗುತ್ತೆ ಅಂತ ಕೈ ಎತ್ತಲ್ಲ. ನಮಗೆ ಭಯ ಆಗೋದು ಅಂಥವರನ್ನು ಕಂಡರೇ.

ಡಬಲ್ ಚೈನ್‌ರಿಂಗ್

ನಿಯಮ ಸರಿ. ಆದರೂ 750 ಮೀಟರ್ ಫ್ರೀಸ್ಟೈಲ್ ಸರಾಗವಾಗಿ ಬರದೇ ಇದ್ದವರು ರೇಸ್‌ಗೆ ಯಾಕೆ ಬರಬೇಕು? ಪೂರ್ತಿ ತಯಾರಾಗಿ ಬನ್ನಿ. ಸ್ಪ್ರಿಂಟ್ ಅಂದರೆ ಹೇಗೂ ಚಿಕ್ಕದು. ಗೋವಾದ 70.3 (ಅರ್ಧ ಐರನ್‌ಮ್ಯಾನ್ ರೇಸ್) ಮಾಡಿದ ಮೇಲೆ ಮಾತಾಡೋಣ. ಅಲ್ಲಿ 1.9 ಕಿ.ಮೀ. ಸಮುದ್ರ, 90 ಸೈಕಲ್, 21.1 ಓಟ.

ನಿಧಾನಸ್ಥ

ಗುರುವೇ, ನೀವು ಗೋವಾ ಮಾಡಿದ್ದೀರಿ, ಶಭಾಷ್. 2024ರ ಅಕ್ಟೋಬರ್‌ನಲ್ಲಿ ಸಂಸದ ತೇಜಸ್ವಿ ಸೂರ್ಯ ಅದನ್ನು ಮುಗಿಸಿದ ಮೇಲಂತೂ ನಮ್ಮ ಆಫೀಸಿನಲ್ಲಿ ಎಲ್ಲರ ಬಾಯಲ್ಲೂ ಐರನ್‌ಮ್ಯಾನ್. ಚಪ್ಪಲಿ ಹಾಕಿಕೊಂಡು ಲಿಫ್ಟ್‌ಗೆ ಕಾಯುವವರೂ ಅದನ್ನೇ ಮಾತಾಡುತ್ತಾರೆ. ಆದರೆ ಈ ಆಟ ಹುಟ್ಟಿದ್ದೇ ಚಿಕ್ಕದಾಗಿ. 1974ರ ಸೆಪ್ಟೆಂಬರ್ 25ರಂದು ಸ್ಯಾನ್ ಡಿಯಾಗೋದ ಮಿಷನ್ ಬೇಯಲ್ಲಿ ಓಟದ ಕ್ಲಬ್ಬಿನವರು ಸಂಜೆ ಹೊತ್ತು ತಮಾಷೆಗೆ ಅಂತ ನಡೆಸಿದ್ದು ಮೊದಲನೆಯದು. 46 ಜನ. ಓಟ ಸುಮಾರು 6 ಮೈಲಿ, ಸೈಕಲ್ 5 ಮೈಲಿ, ಈಜು ಬರಿ 500 ಗಜ. ಹವಾಯಿಯ ಐರನ್‌ಮ್ಯಾನ್ ಬಂದಿದ್ದು 1978ರಲ್ಲಿ. 15 ಜನ ಹೊರಟು 12 ಜನ ಮುಗಿಸಿದರು. 2000ದ ಸಿಡ್ನಿಯಲ್ಲಿ ಒಲಿಂಪಿಕ್ಸ್‌ಗೆ ಸೇರಿದಾಗಲೂ 1.5, 40, 10. ನಮ್ಮ ಸ್ಪ್ರಿಂಟ್ ಅದರ ಸರಿ ಅರ್ಧ. ಚಿಕ್ಕದು ಅಂತ ಮೂಗು ಮುರಿಯೋದು ಯಾಕೋ ನನಗೆ ಹಿಡಿಸಲ್ಲ.

ಬೆಂಡು ಕಟ್ಟಿದವನು

ಆ ಮೊದಲ ರೇಸ್‌ನಲ್ಲಿ ಈಜು ಕೊನೆಗಿತ್ತಾ? ಈಗ ಮೊದಲಿಗೆ ಇರುತ್ತಲ್ಲ.

ನಿಧಾನಸ್ಥ

ಹೌದು, ಕೊನೆಗೆ. ಓಡಿ, ಸೈಕಲ್ ತುಳಿದು, ಸುಸ್ತಾದ ಮೇಲೆ ನೀರಿಗೆ ಇಳಿಯೋದು. ಈಗ ಸುಸ್ತಾಗುವ ಮೊದಲೇ ನೀರು ಮುಗಿಸಿಬಿಡುತ್ತಾರೆ. ಸ್ನಾಯು ಹಿಡಿದುಕೊಂಡರೆ ರಸ್ತೆಯಲ್ಲಿ ಕೂತುಕೊಳ್ಳಬಹುದು, ಕೆರೆ ನಡುವೆ ಎಲ್ಲಿ ಕೂರೋದು?

ಬೆಂಡು ಕಟ್ಟಿದವನು

ನನ್ನ ಕಥೆ ಉಲ್ಟಾ. ನಾವೆಲ್ಲ ಸೊಂಟಕ್ಕೆ ಬೆಂಡು ಕಟ್ಟಿಕೊಂಡು ತೋಟದ ಬಾವಿಯಲ್ಲಿ ಈಜು ಕಲಿತವರು. ಮೇಲಿಂದ ಹಾರೋದು, ಮುಳುಗಿ ಕಲ್ಲು ತರೋದು, ಅದೆಲ್ಲ ಆಟ. ಹಾಗಾಗಿ ನೀರಿನ ಭಯ ಇಲ್ಲವೇ ಇಲ್ಲ. ತಳ ಕಾಣದಿದ್ದರೆ ಏನೂ ಅನಿಸಲ್ಲ, ಬಾವಿಯ ತಳ ಯಾವತ್ತು ಕಂಡಿತ್ತು? ಆದರೆ ಬಾವಿ ಈಜಿನಲ್ಲಿ ತಲೆ ಯಾವಾಗಲೂ ಮೇಲೆ. ಕೈ ಬಡಿಯೋದು, ಕಾಲು ಸೈಕಲ್ ತುಳಿದ ಹಾಗೆ. ಐವತ್ತು ಮೀಟರ್‌ಗೆ ಭುಜ ಬಿದ್ದು ಹೋಗುತ್ತೆ. ಬೆಂಗಳೂರಿಗೆ ಬಂದು ಬಸವನಗುಡಿಯ ಈಜುಕೊಳದಲ್ಲಿ ಕೋಚ್ ನನ್ನನ್ನು ನೋಡಿ ಮೊದಲು ನಕ್ಕರು, ಆಮೇಲೆ ತಲೆ ನೀರಿನೊಳಗೆ ಇಡಿಸಲು ತಿಂಗಳುಗಟ್ಟಲೆ ಒದ್ದಾಡಿದರು. ತಲೆ ಎತ್ತಿದರೆ ಸೊಂಟ ಇಳಿಯುತ್ತೆ, ಸೊಂಟ ಇಳಿದರೆ ನೀವು ನೀರನ್ನು ಎದೆಯಿಂದ ನೂಕುತ್ತಾ ಹೋಗಬೇಕು. ಹಳ್ಳಿ ಕಡೆಯಿಂದ ಬಂದವರಿಗೆ ನನ್ನ ಮಾತು: ಧೈರ್ಯ ನಿಮ್ಮ ಹತ್ತಿರ ಇದೆ, ಉಸಿರಿನ ಲೆಕ್ಕ ಮಾತ್ರ ಹೊಸದಾಗಿ ಕಲಿಯಿರಿ. ಪೂಲ್‌ನಲ್ಲಿ ಕಲಿತ ಪೇಟೆಯವರಿಗೆ ಇದೇ ತಿರುಗಾಮುರುಗಾ.

ಡಬಲ್ ಚೈನ್‌ರಿಂಗ್

ಇದು ಒಳ್ಳೇ ಪಾಯಿಂಟ್. ಮೇಲೆ ನಾನು ಹೇಳಿದ್ದು ಜನರನ್ನು ಹೆದರಿಸೋಕಲ್ಲ. ಆದರೆ ನೀರಿನಲ್ಲಿ 'ನೋಡೋಣ, ಹೇಗೋ ಆಗುತ್ತೆ' ನಡೆಯಲ್ಲ.

ಬಿಳಿಕೋಟು

ನಾನು ಡಾಕ್ಟರ್, ಜೊತೆಗೆ ನಿಧಾನಗತಿಯ ಟ್ರಯಥ್ಲೀಟ್. ಇಲ್ಲಿ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ, ಕ್ಷಮಿಸಿ.

ನಿಧಾನಸ್ಥ ಅವರಿಗೆ ಆದದ್ದು ತುಂಬಾ ಜನರಿಗೆ ಆಗುತ್ತದೆ. ಎದೆಬಡಿತ ರೇಸ್ ಶುರುವಿಗೆ ಮೊದಲೇ ಏರಿರುತ್ತದೆ. ನೀರಿಗೆ ಬಿದ್ದ ಕೂಡಲೇ ಗಾಬರಿಯಲ್ಲಿ ಉಸಿರು ಒಳಗೆ ಎಳೆಯುತ್ತಲೇ ಇರುತ್ತೇವೆ, ಪೂರ್ತಿ ಬಿಡಲ್ಲ. ಮುಖ ನೀರಿನೊಳಗಿದ್ದಾಗ ಉಸಿರು ಹಿಡಿದುಕೊಳ್ಳುತ್ತೇವೆ. ಹಳೇ ಗಾಳಿ ಒಳಗೇ ಉಳಿದು ಕಾರ್ಬನ್ ಡೈಆಕ್ಸೈಡ್ ಏರುತ್ತದೆ. ಉಸಿರು ಕಟ್ಟಿದ ಹಾಗೆ ಅನಿಸುವುದು ಹೆಚ್ಚಾಗಿ ಇದರಿಂದ, ಆಮ್ಲಜನಕ ಖಾಲಿಯಾಗಿ ಅಲ್ಲ. ಆದ್ದರಿಂದ ಮದ್ದು ಜಾಸ್ತಿ ಎಳೆದುಕೊಳ್ಳೋದಲ್ಲ, ಬಿಡೋದು. ಮುಖ ನೀರಿನೊಳಗಿರುವಷ್ಟೂ ಹೊತ್ತು ಗುಳುಗುಳು ಅಂತ ಗುಳ್ಳೆ ಹೋಗುತ್ತಿರಬೇಕು. ರೇಸ್‌ಗೆ ಮೊದಲು ಐದು ನಿಮಿಷ ನೀರಿಗಿಳಿದು ಮುಖ ಮುಳುಗಿಸಿ ಗುಳ್ಳೆ ಬಿಡಿ. ಮೈ ಒಗ್ಗಿಕೊಳ್ಳುತ್ತದೆ.

ಇನ್ನೊಂದು ವಿಷಯ ಕಹಿ, ಆದರೂ ಹೇಳಬೇಕು. ಅಮೆರಿಕದ ಟ್ರಯಥ್ಲಾನ್‌ಗಳಲ್ಲಿ 1985ರಿಂದ 2016ರವರೆಗೆ ಆದ ಸಾವು ಮತ್ತು ಹೃದಯಸ್ತಂಭನಗಳನ್ನು ಲೆಕ್ಕ ಹಾಕಿದ ಒಂದು ಅಧ್ಯಯನ 2017ರಲ್ಲಿ ಬಂತು. ಒಟ್ಟು 135 ಪ್ರಕರಣ. ಅದರಲ್ಲಿ 90 ಈಜಿನ ಹೊತ್ತಿನಲ್ಲೇ. ಲಕ್ಷ ಜನ ಭಾಗವಹಿಸಿದರೆ ಸುಮಾರು 1.74, ಅಂದರೆ ಅಪರೂಪವೇ. ಆದರೆ ಬಹುಪಾಲು ಗಂಡಸರು, ಸರಾಸರಿ ವಯಸ್ಸು 46ರ ಮೇಲೆ. ಕೆಲವರ ಹೃದಯದಲ್ಲಿ ಅವರಿಗೇ ಗೊತ್ತಿಲ್ಲದ ದೋಷ ಇತ್ತು. ನಲವತ್ತು ದಾಟಿದ ಅಣ್ಣಂದಿರು ಸಾವಿರಾರು ರೂಪಾಯಿ ಕೊಟ್ಟು ಶೂ ಕೊಳ್ಳುವ ಮೊದಲು ಒಂದು ಸಲ ಹೃದಯ ತೋರಿಸಿಕೊಳ್ಳಿ. ಬಿಪಿ, ಶುಗರ್ ಇದ್ದರಂತೂ ಖಂಡಿತ. ಹಿಂದಿನ ವಾರ ಜ್ವರ ಬಂದಿದ್ದರೆ ಎಂಟ್ರಿ ಫೀ ಹೋದರೂ ಪರವಾಗಿಲ್ಲ, ಮನೆಯಲ್ಲಿರಿ.

ಸಂಜೆ ಓಟ

ಮೇಡಂ, ಇದನ್ನು ಪಿನ್ ಮಾಡಬೇಕು.

ಹೊಸ ಟೋಪಿ

ನಾನು ಹೆಂಗಸು, 36, ಇಬ್ಬರು ಮಕ್ಕಳು. ಈಜು ಬರುತ್ತೆ, ಓಟ ಬರುತ್ತೆ. ನನ್ನ ತಲೆಬಿಸಿ ಬೇರೆ. ಬಟ್ಟೆ ಬದಲಿಸೋಕೆ ಜಾಗ ಇರುತ್ತಾ? ಒದ್ದೆ ಬಟ್ಟೆಯಲ್ಲಿ ಅಷ್ಟು ಜನರ ಮಧ್ಯೆ ಓಡಬೇಕಾ? ನಮ್ಮ ಅತ್ತೆ ಮಾವ ನೋಡಲು ಬರುತ್ತೇವೆ ಅಂತಿದ್ದಾರೆ, ಅದೇ ಇನ್ನೂ ದೊಡ್ಡ ಟೆನ್ಷನ್.

ಬಿಳಿಕೋಟು

ಅತ್ತೆ ಮಾವ ಬರಲಿ ಬಿಡಿ, ನಮ್ಮತ್ತೆ ಒಂದು ಸಲ ಬಂದವರು ಈಗ ನನಗಿಂತ ಮೊದಲು ರೇಸ್ ತಾರೀಖು ಕೇಳುತ್ತಾರೆ.

ಬಟ್ಟೆ ವಿಷಯ: ನಡುವೆ ಬದಲಿಸೋದು ಇಲ್ಲ. ಟ್ರೈಸೂಟ್ ಒಂದೇ ಹಾಕಿಕೊಂಡು ಮೂರನ್ನೂ ಮುಗಿಸೋದು. ಸೀಟಿನ ಜಾಗದಲ್ಲಿ ತೆಳು ಪ್ಯಾಡ್ ಇರುತ್ತೆ, ಬೇಗ ಒಣಗುತ್ತೆ. ಮೊಣಕಾಲವರೆಗೆ ಇರುವುದೂ ಸಿಗುತ್ತೆ, ಅರ್ಧ ತೋಳಿನದ್ದೂ ಸಿಗುತ್ತೆ. ಅದಕ್ಕೆ ದುಡ್ಡು ಸುರಿಯುವುದು ಬೇಡ ಅಂದರೆ ಈಜುಡುಗೆ ಹಾಕಿಕೊಂಡು ಬನ್ನಿ, ನೀರಿನಿಂದ ಎದ್ದ ಮೇಲೆ ಅದರ ಮೇಲೆ ಸೈಕ್ಲಿಂಗ್ ಶಾರ್ಟ್ಸ್, ಒಂದು ಸಡಿಲ ಟೀ ಶರ್ಟ್. ಒದ್ದೆ ಮೈಗೆ ಟೀ ಶರ್ಟ್ ಹಾಕೋದೇ ಒಂದು ಕುಸ್ತಿ, ಮನೆಯ ಬಚ್ಚಲಲ್ಲಿ ನಾಲ್ಕು ಸಲ ಅಭ್ಯಾಸ ಮಾಡಿ. ತೊಡೆ ಸಂದಿಗೆ, ಕಂಕುಳಿಗೆ, ಬ್ರಾ ಅಂಚಿಗೆ ವ್ಯಾಸಲಿನ್ ಧಾರಾಳವಾಗಿ ಹಚ್ಚಿ. ಮುಟ್ಟಿನ ದಿನ ಬಂದರೂ ಕಪ್ ಇದ್ದರೆ ರೇಸ್ ಮಾಡಬಹುದು, ನಾನು ಮಾಡಿದ್ದೇನೆ. ಹೆಂಗಸರು ಇನ್ನೂ ಕಡಿಮೆ ಇದ್ದೇವೆ. ಹಾಗಾಗಿ ನೀರಿನಿಂದ ಎದ್ದು ಓಡುವಾಗ ಜನ ನಿಮಗೇ ಜೋರಾಗಿ ಚಪ್ಪಾಳೆ ಹೊಡೆಯುತ್ತಾರೆ. ಮುಜುಗರಕ್ಕೆ ಟೈಮೇ ಇರಲ್ಲ.

ಹೊಸ ಟೋಪಿ

ಥ್ಯಾಂಕ್ಸ್ ಅಕ್ಕಾ. ಸೈಕಲ್? ನನ್ನ ಹತ್ತಿರ ಗೇರ್ ಇರುವ ಹೈಬ್ರಿಡ್ ಇದೆ, ಮಗನ ಸ್ಕೂಲ್ ಹತ್ತಿರ ಹೋಗೋಕೆ ತಗೊಂಡಿದ್ದು.

ಡಬಲ್ ಚೈನ್‌ರಿಂಗ್

ಧಾರಾಳವಾಗಿ ಸಾಕು ಮೇಡಂ. ಈ ಮಾತು ನನ್ನ ಬಾಯಿಂದ ಬರುತ್ತಿದೆ ಅಂದರೆ ನಂಬಿ. ರೋಡ್ ಬೈಕ್ ಇದ್ದರೆ 20 ಕಿ.ಮೀ.ನಲ್ಲಿ ಕೆಲವು ನಿಮಿಷ ಉಳಿಯಬಹುದು. ಅದಕ್ಕೆ ಲಕ್ಷ ಸುರಿಯೋದು ಮೊದಲ ರೇಸ್‌ಗೆ ಅರ್ಥವಿಲ್ಲ. ಸರ್ವಿಸ್ ಮಾಡಿಸಿ, ಚೈನ್‌ಗೆ ಎಣ್ಣೆ ಬಿಡಿ, ಗಾಳಿ ಸರಿಯಾಗಿ ತುಂಬಿಸಿ, ಒಂದು ಟ್ಯೂಬ್ ಮತ್ತು ಪಂಪ್ ಇಟ್ಟುಕೊಳ್ಳಿ. ಪಂಚರ್ ಆದರೆ ನೀವೇ ಹಾಕಿಕೊಳ್ಳಬೇಕು.

ಮಂಡ್ಯ ಕಡೆ ರಸ್ತೆಯಲ್ಲಿ ಹಂಪ್ ಜಾಸ್ತಿ, ಕೆಲವಕ್ಕೆ ಬಣ್ಣವೂ ಇಲ್ಲ. ಕಬ್ಬಿನ ಕಾಲದಲ್ಲಿ ಟ್ರಾಕ್ಟರ್ ಹಿಂದೆ ಎರಡೆರಡು ಟ್ರೇಲರ್ ಕಟ್ಟಿಕೊಂಡು ಬರುತ್ತವೆ. ಚಾಲಕ ಟೇಪ್ ಜೋರಾಗಿ ಹಾಕಿರುತ್ತಾನೆ, ನೀವು ಕೂಗಿದ್ದು ಕೇಳಲ್ಲ. ಟ್ರೇಲರ್‌ನಿಂದ ಜಾರಿದ ಜಲ್ಲೆ ರಸ್ತೆ ಮೇಲೆ ಅಡ್ಡ ಬಿದ್ದಿರುತ್ತೆ. ತೆಳು ಟೈರ್ ಅದರ ಮೇಲೆ ಹತ್ತಿದರೆ ನೇರ ನೆಲಕ್ಕೆ. ಹಿಂದೊಂದು ರೇಸ್‌ನಲ್ಲಿ (ಎಲ್ಲಿ ಅಂತ ಕೇಳಬೇಡಿ) 'ರಸ್ತೆ ಬಂದ್ ಮಾಡಿಸುತ್ತೇವೆ' ಅಂದಿದ್ದ ಆಯೋಜಕರು ಒಬ್ಬ ಹುಡುಗನ ಕೈಗೆ ಕೆಂಪು ಬಾವುಟ ಕೊಟ್ಟು ನಿಲ್ಲಿಸಿದ್ದರು. ಅವನು ಬಸ್ಸಿಗೂ ಬಾವುಟ ಬೀಸುತ್ತಿದ್ದ, ನಮಗೂ ಬೀಸುತ್ತಿದ್ದ. ಹೆಸರು ಕೊಡುವ ಮೊದಲು ಹಿಂದಿನ ವರ್ಷ ಓಡಿದವರನ್ನು ಕೇಳಿ: ರಸ್ತೆ ಹೇಗಿತ್ತು, ನೀರಿನಲ್ಲಿ ಎಷ್ಟು ಕಯಾಕ್ ಇತ್ತು, ಆಂಬ್ಯುಲೆನ್ಸ್ ಎಲ್ಲಿ ನಿಂತಿತ್ತು. ಮೆಡಲ್ ಎಷ್ಟು ದೊಡ್ಡದು ಅಂತ ಆಮೇಲೆ ಕೇಳಿದರಾಯಿತು.

ಶಿಳ್ಳೆ ಮಾಸ್ಟರ್

ಹೆಲ್ಮೆಟ್ ಬಗ್ಗೆ ಯಾರೂ ಹೇಳಲಿಲ್ಲವಲ್ಲ. ಹೊಸಬರು ಪೆನಾಲ್ಟಿ ತಿನ್ನೋದು ಜಾಸ್ತಿ ಇಲ್ಲೇ. ಸ್ಟ್ಯಾಂಡಿನಿಂದ ಸೈಕಲ್ ಮುಟ್ಟುವ ಮೊದಲೇ ಹೆಲ್ಮೆಟ್ ಹಾಕಿ ಪಟ್ಟಿ ಟಕ್ ಅನ್ನಿಸಿರಬೇಕು. ವಾಪಸ್ ಬಂದು ಸೈಕಲ್ ನೇತು ಹಾಕಿದ ಮೇಲಷ್ಟೇ ಬಿಚ್ಚಬೇಕು. ಟ್ರಾನ್ಸಿಷನ್ ಜಾಗದಲ್ಲಿ (ಈಜಿನಿಂದ ಸೈಕಲ್‌ಗೆ, ಸೈಕಲ್‌ನಿಂದ ಓಟಕ್ಕೆ ಬದಲಾಗುವ ಜಾಗ) ಸವಾರಿ ಇಲ್ಲ, ತಳ್ಳಿಕೊಂಡು ಓಡಬೇಕು. ನೆಲದ ಮೇಲೆ ಗೆರೆ ಇರುತ್ತೆ. ಹೋಗುವಾಗ ಗೆರೆ ದಾಟಿ ಹತ್ತೋದು, ಬರುವಾಗ ಗೆರೆಗೆ ಮೊದಲೇ ಇಳಿಯೋದು. ಕಿವಿಗೆ ಇಯರ್‌ಫೋನ್ ಬೇಡ. ಬರಿ ಮೈಯಲ್ಲಿ ಸೈಕಲ್, ಓಟ ಬೇಡ.

ಡ್ರಾಫ್ಟಿಂಗ್ ಅಂದರೆ ಮುಂದಿನವರ ಬೆನ್ನಿಗಂಟಿ ಗಾಳಿ ತಪ್ಪಿಸಿಕೊಂಡು ತುಳಿಯೋದು. ಒಲಿಂಪಿಕ್ಸ್ ಟಿವಿಯಲ್ಲಿ ಗುಂಪಾಗಿ ಹೋಗೋದನ್ನು ನೋಡಿ ನಮ್ಮವರೂ ಹಾಗೇ ಮಾಡುತ್ತಾರೆ. ಅವರಿಗೆ ಅದು ಸರಿ, ವಯಸ್ಸಿನ ಗುಂಪುಗಳಲ್ಲಿ ಸ್ಪರ್ಧಿಸುವ ನಮ್ಮಂಥ ಹವ್ಯಾಸಿಗಳಿಗೆ ಸಾಮಾನ್ಯವಾಗಿ ಇಲ್ಲ. 10 ಮೀಟರ್ ಅಂತರ ಬಿಡಿ. ದಾಟೋದಾದರೆ 20 ಸೆಕೆಂಡ್‌ನಲ್ಲಿ ದಾಟಿ. ಇಬ್ಬರು ಗೆಳೆಯರು ಪಕ್ಕಪಕ್ಕದಲ್ಲಿ ಮಾತಾಡುತ್ತ ತುಳಿಯೋದು ಭಾನುವಾರದ ನಂದಿ ಬೆಟ್ಟದ ಸವಾರಿಗೆ ಇರಲಿ.

ಸಂಜೆ ಓಟ

ನಿಧಾನಸ್ಥ ಸಾರ್, ನಾನು ಓಟದವನು, 10 ಕೆ 55 ನಿಮಿಷ. ಸೈಕಲ್ ಇಳಿದ ಮೇಲೆ ಓಟ ಹೇಗಿತ್ತು? ಕಾಲು ನಮ್ಮದಲ್ಲ ಅನಿಸುತ್ತೆ ಅಂತಾರಲ್ಲ.

ನಿಧಾನಸ್ಥ

ನಿಜ. ಸೈಕಲ್‌ನಿಂದ ಇಳಿದು ಮೊದಲ ಹೆಜ್ಜೆ ಇಟ್ಟಾಗ ತೊಡೆ ಹಲಗೆ ಆಗಿತ್ತು. ಓಡುತ್ತಿದ್ದೇನೆ ಅಂತ ಅನಿಸುತ್ತೆ, ನೋಡುವವರಿಗೆ ತಳ್ಳುಗಾಡಿ ಎಳೆದ ಹಾಗೆ. ಸುಮಾರು ಒಂದು ಕಿಲೋಮೀಟರ್ ಆದ ಮೇಲೆ ಸಡಿಲ ಆಯಿತು. ಇದಕ್ಕೆ ಒಂದೇ ದಾರಿ, ಬ್ರಿಕ್ ಅಭ್ಯಾಸ. ಅರ್ಧ-ಮುಕ್ಕಾಲು ಗಂಟೆ ಸೈಕಲ್ ತುಳಿದು, ಗೇಟಿನ ಹತ್ತಿರ ಸೈಕಲ್ ಒರಗಿಸಿ, ಕೂಡಲೇ ಹತ್ತು ನಿಮಿಷ ಓಡೋದು. ವಾರಕ್ಕೊಂದು ಸಲ ಸಾಕು. ನಮ್ಮ ಅಪಾರ್ಟ್‌ಮೆಂಟ್ ಸೆಕ್ಯುರಿಟಿ ಅಣ್ಣ 'ಏನ್ ಸಾರ್, ಸೈಕಲ್ ಕಳ್ಳ ಓಡಿಹೋದನಾ?' ಅಂತ ಕೇಳಿದ್ದರು. ಕೊನೆಯ ಎರಡು ಕಿಲೋಮೀಟರ್ ಸೈಕಲ್‌ನಲ್ಲಿ ಹಗುರ ಗೇರ್ ಹಾಕಿ ಬೇಗ ಬೇಗ ತುಳಿದರೆ ಇಳಿದ ಮೇಲೆ ಸ್ವಲ್ಪ ಆರಾಮ.

ನೀವು ಓಟದವರು, ನಿಮಗೆ ಇನ್ನೊಂದು ಮಾತು. ಈಜಿನಲ್ಲಿ ಹಿಂದೆ ಬಿದ್ದದ್ದನ್ನು ಓಟದಲ್ಲಿ ಹಿಡಿಯುತ್ತೇನೆ ಅಂತ ಈಜು ಬಿಟ್ಟು ಓಟವನ್ನೇ ಜಾಸ್ತಿ ಮಾಡಬೇಡಿ. ಎಲ್ಲರೂ ಅದೇ ಮಾಡೋದು. ನಿಮಗೆ ಬರುವುದನ್ನೇ ಮತ್ತೆ ಮತ್ತೆ ಮಾಡಿದರೆ ಖುಷಿಯಾಗುತ್ತೆ, ಅಷ್ಟೇ.

ಬೆಂಡು ಕಟ್ಟಿದವನು

ಟ್ರಾನ್ಸಿಷನ್‌ಗೆ ಎಷ್ಟು ಹಿಡಿಯಿತು?

ನಿಧಾನಸ್ಥ

ಮೊದಲನೆಯದು 4, ಎರಡನೆಯದು 2. ದಡದಿಂದ ಸೈಕಲ್‌ವರೆಗೆ ಸಾಕಷ್ಟು ದೂರ, ಕಾಲಡಿ ಮರಳು, ಚುಚ್ಚುವ ಕಲ್ಲು. ಒದ್ದೆ ಕಾಲಿಗೆ ಸಾಕ್ಸ್ ಹತ್ತಲ್ಲ. ಪಕ್ಕದ ರ್ಯಾಕ್‌ನ ಹುಡುಗಿ ಶೂ ಒಳಗೆ ಪೌಡರ್ ಉದುರಿಸಿಟ್ಟಿದ್ದಳು, ಲೇಸ್ ಬದಲಿಗೆ ಎಲಾಸ್ಟಿಕ್. ಕಾಲು ತೂರಿಸಿದಳು, ಹೊರಟಳು. ನಾನು ಇನ್ನೂ ಎಡಗಾಲು ಒರೆಸುತ್ತಿದ್ದೆ. ಆ ಎಲಾಸ್ಟಿಕ್ ಲೇಸ್ ಬೆಲೆ ಕಮ್ಮಿ, ಲಾಭ ಮಾತ್ರ ಜಾಸ್ತಿ.

ಹೊಸ ಟೋಪಿ

ತಿಂಡಿ? ಖಾಲಿ ಹೊಟ್ಟೆಯಲ್ಲಿ ಆಗಲ್ಲ ನನಗೆ.

ನಿಧಾನಸ್ಥ

ಎರಡು ಗಂಟೆ ಮೊದಲು ಎರಡು ಇಡ್ಲಿ, ಚಟ್ನಿ ಬೇಡ. ಹೊರಡುವ ಮೊದಲು ಒಂದು ಬಾಳೆಹಣ್ಣು. ಸೈಕಲ್ ಮೇಲೆ ಬಾಟಲಿಯಲ್ಲಿ ಓಆರ್‌ಎಸ್. ಇಷ್ಟು ದೂರಕ್ಕೆ ಜೆಲ್ ಪ್ಯಾಕೆಟ್ ಎಲ್ಲ ಅಂಗಡಿಯವರ ಖುಷಿಗೆ. ಹಿಂದಿನ ರಾತ್ರಿ ಮಾತ್ರ ಹೊಸ ಹೋಟೆಲ್ ಪ್ರಯೋಗ ಬೇಡ. ವಾಪಸ್ ಬರುವಾಗ ಮದ್ದೂರು ವಡೆ ಎಷ್ಟು ಬೇಕಾದರೂ ತಿನ್ನಿ, ಕೇಳುವವರಿಲ್ಲ.

ಸಂಜೆ ಓಟ

ಕೊನೆ ಪ್ರಶ್ನೆ. ಬೆಂಗಳೂರಿನಲ್ಲಿ ಕೆರೆ ಈಜು ಎಲ್ಲಿ ಅಭ್ಯಾಸ ಮಾಡೋದು? ನಮ್ಮ ಏರಿಯಾ ಕೆರೆಗೆ ಕಾಲಿಟ್ಟರೆ ಚರ್ಮದ ಡಾಕ್ಟರ ಹತ್ತಿರವೇ ಓಡಬೇಕು.

ಬೆಂಡು ಕಟ್ಟಿದವನು

ನಗರದ ಕೆರೆ ಮರೆತುಬಿಡಿ. ಕಲ್ಲು ಕ್ವಾರಿಗೂ ಹೋಗಬೇಡಿ. ಅಂಚು ನೆಟ್ಟಗೆ ಇರುತ್ತೆ, ಹತ್ತೋಕೆ ಹಿಡಿತ ಸಿಗಲ್ಲ. ಈಜು ಬಲ್ಲವರೇ ಅಲ್ಲಿ ಪ್ರಾಣ ಕಳೆದುಕೊಂಡಿದ್ದಾರೆ. ಪೂಲ್‌ನಲ್ಲೇ ಕೆರೆ ಮಾಡಿಕೊಳ್ಳಬಹುದು. ಗೋಡೆ ಮುಟ್ಟದೆ, ಎರಡು ಮೀಟರ್ ಮೊದಲೇ ತಿರುಗಿ ಬನ್ನಿ. ಒಂದಷ್ಟು ಸ್ಟ್ರೋಕ್ ಕಣ್ಣು ಮುಚ್ಚಿ ಈಜಿ, ನೀವು ಯಾವ ಕಡೆ ವಾಲುತ್ತೀರಿ ಅಂತ ಗೊತ್ತಾಗುತ್ತೆ. ಎಂಟು-ಹತ್ತು ಸ್ಟ್ರೋಕ್‌ಗೊಮ್ಮೆ ಕಣ್ಣಷ್ಟೇ ನೀರಿನ ಮೇಲೆ ತಂದು ಎದುರಿನ ಗಡಿಯಾರ ನೋಡಿ, ಕೂಡಲೇ ಪಕ್ಕಕ್ಕೆ ತಿರುಗಿ ಉಸಿರು ತಗೊಳ್ಳಿ. ಕೋಚ್ ಒಪ್ಪಿದರೆ ಒಂದೇ ಲೇನ್‌ನಲ್ಲಿ ನಾಲ್ಕು ಜನ ಒಟ್ಟಿಗೆ ಹೊರಡಿ. ಕಾಲು ಕೈ ತಾಗೋದು ಅಭ್ಯಾಸ ಆಗಲಿ.

ಆಮೇಲೆ ರೇಸ್‌ಗೆ ಮೊದಲು ಒಂದೆರಡು ಸಲ ನಿಜವಾದ ಕೆರೆ. ಒಬ್ಬರೇ ಅಲ್ಲ, ಅನುಮತಿ ತೆಗೆದುಕೊಂಡು, ಕೋಚ್ ಗುಂಪಿನ ಜೊತೆ, ದಡದಲ್ಲಿ ಜನ ಇಟ್ಟುಕೊಂಡು. ಸೊಂಟಕ್ಕೆ ಕಟ್ಟುವ ಕಿತ್ತಳೆ ಬಣ್ಣದ ತೇಲು ಚೀಲ ಸಿಗುತ್ತೆ, ಹಿಂದೆ ತೇಲಿಕೊಂಡು ಬರುತ್ತೆ. ಸುಸ್ತಾದರೆ ತಬ್ಬಿಕೊಳ್ಳಬಹುದು.

ಡಬಲ್ ಚೈನ್‌ರಿಂಗ್

ಅಂದರೆ ಕೊನೆಗೂ ಎಲ್ಲರಿಗೂ ಬೆಂಡು ಕಟ್ಟಿಸಿದಿರಿ ಅಣ್ಣ.

ಬೆಂಡು ಕಟ್ಟಿದವನು

😄 ಹೌದು, ಇದಕ್ಕೆ ಮಾತ್ರ ಬೆಲೆ ಜಾಸ್ತಿ.

ಹೊಸ ಟೋಪಿ

ಸಂಜೆ ಓಟ ಅವರೇ, ನೀವು ಯಾವ ಕಡೆ? ನಾನು ಜಯನಗರ. ಶನಿವಾರ ಬೆಳಿಗ್ಗೆ ಪೂಲ್‌ನಲ್ಲಿ ಆ ನಾಲ್ಕು ಜನರ ಲೇನ್ ಮಾಡೋಕೆ ಇನ್ನಿಬ್ಬರು ಬೇಕು.

ಸಂಜೆ ಓಟ

ಬನಶಂಕರಿ. ನಾನು ಬರುತ್ತೇನೆ, ತಮ್ಮನನ್ನೂ ಎಳೆದುಕೊಂಡು ಬರುತ್ತೇನೆ. ಆರು ಗಂಟೆ ಬ್ಯಾಚ್ ಆದರೆ ಒಳ್ಳೇದು, ಎಂಟಕ್ಕೆ ಮಕ್ಕಳ ಕ್ಲಾಸ್ ಶುರುವಾದರೆ ಲೇನ್ ಸಿಗಲ್ಲ. ಕೋಚ್ ಹತ್ತಿರ ನೀವೇ ಮಾತಾಡಿ ಇಟ್ಟಿರಿ.